ಬ್ಲಾಗಿನ ಗೃಹಪ್ರವೇಶ

"ಇನ್ನೂ ಒತ್ಬ್ಯಾಡ ಕಣಪ್ಪಾ, ತಡಿ! ಆಲು ಉಕ್ಲಿ!" ಎಂದ ಬೆಟ್ಟಸ್ವಾಮಿ.

ಕಶ್ಯಪ್ ಮೌಸಿನ ಮೇಲಿಂದ ಬೆರಳೆತ್ತಿದ. ಹಾಲಿಗೆ ಅವಸರವಿರಲಿಲ್ಲ. ಕೆನೆ ಒಂದು ಮೂಲೆಯಲ್ಲಿ ಸುಕ್ಕುಗಟ್ಟಿತು, ಗುಳ್ಳೆಯೊಂದು ಎದ್ದು ಸುತ್ತ ನೋಡಿ ಮತ್ತೆ ಕೂತಿತು. ಮಾನಿಟರಿಗೂ ಜೋಳದ ಬೀಜದ ಪ್ಯಾಕೆಟ್ಟುಗಳ ರಾಶಿಗೂ ನಡುವೆ ಇಟ್ಟಿದ್ದ ಇಂಡಕ್ಷನ್ ಒಲೆ, ಮನೆಯಿಂದ ಮಡಿಯಲ್ಲಿ ತಂದ ಹಿತ್ತಾಳೆ ಪಾತ್ರೆಯನ್ನು ಒಪ್ಪದೆ ಕೀಂಯ್ ಕೀಂಯ್ ಎಂದು ಕೂಗಿಕೊಂಡಿತ್ತು. ಆದ್ದರಿಂದ ಕೊನೆಗಳಿಗೆಯಲ್ಲಿ ಅಂಗಡಿಯ ಟೀ ಕಾಯಿಸುವ ಸ್ಟೀಲ್ ಪಾತ್ರೆಗೇ ಅರಿಶಿನ ಕುಂಕುಮ ಹಚ್ಚಲಾಗಿತ್ತು. ಮಾನಿಟರಿಗೂ ಹಚ್ಚಿದ್ದರು. ಅದರ ಹಣೆಯಿಂದ ಕುಂಕುಮದ ನೀರು ಸಣ್ಣಗೆ ಇಳಿದು, ಕಶ್ಯಪ್ ಒತ್ತಬೇಕಾಗಿದ್ದ ಜಾಗದ ಪಕ್ಕದಲ್ಲೇ ನಿಂತಿತ್ತು.

"ಮೂಡ್ಲ ಕಡೀಕೆ ಉಕ್ಕುದ್ರೆ ಒಳ್ಳೇದು. ಪಾತ್ರೆನ ವಸಿ ಆ ಕಡೀಕೆ ವಾಲ್ಸಿ" ಎಂದಳು ಬೆಟ್ಟಸ್ವಾಮಿಯ ಹೆಂಡತಿ ಜವರಮ್ಮ.

"ವಾಲ್ಸುದ್ರೆ ಅದು ಉಕ್ಕಿದಂಗಲ್ಲ, ಚೆಲ್ದಂಗೆ" ಎಂದ ಬೆಟ್ಟಸ್ವಾಮಿ.

"ದೇವ್ರೇನು ಅಡ್ಡ ಬಿದ್ದು ನೋಡ್ತಾನಾ? ವಾಲ್ಸಿ ಅಂದ್ರೆ."

ಗಂಡ ಹೆಂಡತಿ ದೇವರ ದೃಷ್ಟಿಯ ಬಗ್ಗೆ ತೀರ್ಮಾನಕ್ಕೆ ಬರುವ ಮೊದಲೇ ಹಾಲು ತನ್ನ ತೀರ್ಮಾನ ಮಾಡಿ, ಬುಸ್ಸೆಂದು ಪಡುವಲಕ್ಕೆ, ನೇರ ಕೀಬೋರ್ಡಿನ ಕಡೆಗೆ ಹರಿಯಿತು. "ಒತ್ತು! ಒತ್ತು! ಒತ್ಲಾ!" ಎಂದು ಬೆಟ್ಟಸ್ವಾಮಿ ಕುಣಿದ. ಕಶ್ಯಪ್ ಒಂದು ಕೈಯಲ್ಲಿ ಕೀಬೋರ್ಡನ್ನು ಎತ್ತಿಹಿಡಿದು ಇನ್ನೊಂದು ಕೈಯಲ್ಲಿ ಮೌಸ್ ಒತ್ತಿದ. ಪರದೆಯ ಮೇಲೆ ಬೆಟ್ಟಸ್ವಾಮಿಯ ಭಾವಚಿತ್ರ, ಅವನ ಹಿಂದೆ ಹಿಮಾಲಯ, ಹಿಮಾಲಯದ ಹಿಂದೆ ಉದಯಿಸುವ ಸೂರ್ಯ, ಎಲ್ಲವೂ ಒಟ್ಟಿಗೆ ಮೂಡಿದವು. ಅಂಗಡಿಯ ಆಳುಗಳು ಚಪ್ಪಾಳೆ ತಟ್ಟಿದರು. ಹೊಸ್ತಿಲ ಮೇಲೆ ತೆಂಗಿನಕಾಯಿ ಒಡೆಯಿತು. ಬೆಟ್ಟಸ್ವಾಮಿಯ ಬ್ಲಾಗು ಹೊಸ ಮನೆ ಸೇರಿತು.

ಹಾಲಿನಲ್ಲಿ ನೆನೆದ ಅಂಗಿಯ ತೋಳನ್ನು ಹಿಂಡಿಕೊಳ್ಳುತ್ತ ಕಶ್ಯಪ್ ಒಳಗೇ ನಕ್ಕ. ಈ ಮನೆಗೆ ಯಜಮಾನನಿಗಿಂತ ಮೊದಲೇ ತಾನು ಬಾಡಿಗೆದಾರನಾಗಿ ಸೇರಿಕೊಂಡಿರುವುದು ಇವರಿಗೆಲ್ಲಿ ಗೊತ್ತು!

ಬೆಟ್ಟಸ್ವಾಮಿ ಎಂದರೆ ಟಿ. ನರಸೀಪುರದಲ್ಲಿ ಗೊಬ್ಬರ, ಬಿತ್ತನೆ ಬೀಜ, ಕೀಟನಾಶಕ. ಹತ್ತು ವರ್ಷದಿಂದ 'ಬೆಟ್ಟದ ಬೆಳಕು' ಎಂಬ ಬ್ಲಾಗೂ ಹೌದು. ಕಳೆನಾಶಕದ ಕಂಪನಿಯ ಏಜೆಂಟೊಬ್ಬ, ಮಾರಾಟದ ಗುರಿ ಮುಟ್ಟಿದ ಖುಷಿಗೆ, ಗೋಡೆ ಗಡಿಯಾರ ಕೊಡುವ ಬದಲು ಅದನ್ನು ಮಾಡಿಕೊಟ್ಟುಹೋಗಿದ್ದ. ಗಡಿಯಾರವಾಗಿದ್ದರೆ ಎಂದೋ ನಿಂತುಹೋಗುತ್ತಿತ್ತು. ಇದು ನಿಲ್ಲಲಿಲ್ಲ. ಬೆಳಿಗ್ಗೆ ಎದ್ದರೆ ಸುಭಾಷಿತ. ಮಠಕ್ಕೆ ಹೋಗಿಬಂದರೆ ಸ್ವಾಮಿಗಳ ಪಕ್ಕ ನಿಂತ ಫೋಟೋ. ಕೇದಾರಕ್ಕೆ ಹೋಗಿಬಂದಾಗ, ಕೇದಾರದ ಬಗ್ಗೆ ನಾಲ್ಕು ಸಾಲು, ಅಲ್ಲಿ ಹುಡುಕಿದರೂ ಸಿಗದ ಇಡ್ಲಿಯ ಬಗ್ಗೆ ಎರಡು ಪುಟ. ಗ್ಯಾಸ್ಟ್ರಿಕ್ಕಿಗೆ ಓಂಕಾಳು, ಸಕ್ಕರೆ ಕಾಯಿಲೆಗೆ ಬೇವಿನ ಚಿಗುರು, ಯುವಜನತೆಗೆ ಸಂಸ್ಕಾರ.

ಕಶ್ಯಪ್ ನಂಜನಗೂಡಿನವನು. ತಾತ ಪಂಚಾಂಗ ಹೇಳುತ್ತಿದ್ದ, ಅಪ್ಪ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದ, ಇಬ್ಬರೂ ತೀರಿಹೋಗಿ ಈಗ ಮನೆಯಲ್ಲಿ ತಾಯಿ ಅಂಬುಜಮ್ಮ ಮತ್ತು ಅವನು. ಊದುಬತ್ತಿಯವರಿಗೆ, ಛತ್ರದವರಿಗೆ ವೆಬ್‌ಸೈಟ್ ಮಾಡಿಕೊಡುವುದು ಅವನ ಹೊಟ್ಟೆಪಾಡು. ಒಳಗೆ ಅವನು ಕಥೆಗಾರ. ಅನುವಾದವಾಗಿ ಬಂದ ಕಾದಂಬರಿಗಳನ್ನು ಓದಿ ಓದಿ, ಹಿಮ ಬೀಳುವ ಊರುಗಳ ಬಾಡಿಗೆ ಕೋಣೆಯ ವಾಸನೆ ಅವನಿಗೆ ಸ್ವಂತ ಅಡುಗೆಮನೆಯ ವಾಸನೆಗಿಂತ ಚೆನ್ನಾಗಿ ಗೊತ್ತಿತ್ತು. ನಂಜನಗೂಡನ್ನೂ ನರಸೀಪುರವನ್ನೂ ಅವನು ಪಕ್ಷಪಾತವಿಲ್ಲದೆ ತಿರಸ್ಕರಿಸುತ್ತಿದ್ದ. 'ನಂಜನಗೂಡು ತನ್ನ ಪಾಪ, ಹಳೇ ಪಂಚೆ, ಬೋಳಿಸಿದ ಕೂದಲು ಎಲ್ಲವನ್ನೂ ಕಪಿಲೆಗೆ ಬಿಡುತ್ತದೆ. ಅದನ್ನೇ ನರಸೀಪುರ ಸಂಗಮವೆಂದು ಕರೆದು ತಲೆಗೆ ಚಿಮುಕಿಸಿಕೊಳ್ಳುತ್ತದೆ' ಎಂದು ಒಮ್ಮೆ ತನ್ನದೇ ಬ್ಲಾಗಿನಲ್ಲಿ ಬರೆದಿದ್ದ. ಓದಿದವರು ಇಬ್ಬರು. ಒಬ್ಬ ಅವನೇ. ಇನ್ನೊಬ್ಬಳು ಕಾಲೇಜಿನ ಗೆಳತಿ ಸುಚೇತಾ. ಅವಳು ಒಂದು ಹೆಬ್ಬೆರಳಿನ ಚಿತ್ರ ಕಳಿಸಿ, ಮದುವೆಯಾಗಿ ಹೋದಳು. ಪತ್ರಿಕೆಗಳಿಗೆ ಕಳಿಸಿದ ಕಥೆಗಳಿಗೆ ಹೆಬ್ಬೆರಳೂ ಬರಲಿಲ್ಲ.

ಹೀಗಿರುವಾಗ ಬೆಟ್ಟಸ್ವಾಮಿಗೆ ಹಳೆಯ ಕಂಪನಿಯಿಂದ ಪತ್ರ ಬಂತು. ಪುಕ್ಕಟೆ ಬ್ಲಾಗುಗಳನ್ನು ಮುಚ್ಚುತ್ತಿದ್ದೇವೆ, ಜುಲೈ ಮಧ್ಯದೊಳಗೆ ನಿಮ್ಮದನ್ನು ಬೇರೆಡೆಗೆ ಸಾಗಿಸಿಕೊಳ್ಳಿ ಎಂದು. ಯಾರೋ ಕಶ್ಯಪನ ಹೆಸರು ಹೇಳಿದರು. ಕಶ್ಯಪ್ ಬಂದು, ಹೊಸ ಕಡೆ ಜಾಗ ಹಿಡಿದು, ನಾಳೆಯೇ ಸಾಗಿಸಿಬಿಡೋಣ ಎಂದ. ಬೆಟ್ಟಸ್ವಾಮಿ ಗೋಡೆಯ ಕ್ಯಾಲೆಂಡರ್ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡ.

"ಆಸಾಡ್ದಲ್ಲಿ ಯಾರಾದ್ರೂ ಮನೆ ಬದ್ಲಾಯಿಸ್ತಾರೇನಪ್ಪ? ನೀನು ಪಂಚಾಂಗದೋರ ಮನೆ ಹುಡ್ಗ. ನಿಂಗೆ ನಾನು ಏಳ್ಬೇಕಾ?"

"ಇದು ಮನೆಯಲ್ಲ ಸಾರ್, ಬ್ಲಾಗು."

"ಅತ್ತು ವರ್ಸದಿಂದ ಅಲ್ಲೇ ಇದ್ದೀನಿ. ಮನೆಯಲ್ದೆ ಇನ್ನೇನು, ಕೊಟ್ಟಿಗೆನಾ?"

"ಶ್ರಾವಣದವರೆಗೆ ಕಾದ್ರೆ ಅವ್ರು ಅಳಿಸಿಬಿಡ್ತಾರೆ ಸಾರ್. ಒಂದಕ್ಷರ ಉಳಿಯಲ್ಲ."

"ಉಳೀದಿದ್ರೆ ಓಗ್ಲಿ. ಆಸಾಡ್ದಲ್ಲಿ ಕಾಲಿಟ್ಟು ವಂಸ ಆಳಾಗೋದ್ಕಿಂತ ವಾಸಿ."

ಮನುಷ್ಯ ನಿಜಕ್ಕೂ ಹಾಗೇ ಮಾಡುವವನೆಂದು ಕಶ್ಯಪನಿಗೆ ಅವನ ಮುಖ ನೋಡಿದೊಡನೆ ತಿಳಿಯಿತು. ಮೂರ್ಖತನದಲ್ಲೂ ಇಂಥ ನಿಷ್ಠೆ ಬೇಕಲ್ಲ ಎಂದುಕೊಂಡು, "ಒಂದು ಕೆಲಸ ಮಾಡೋಣ. ಸಾಮಾನೆಲ್ಲ ಕಟ್ಟಿ ಲಾರಿಗೆ ತುಂಬಿರ್ತೀನಿ. ಇಳಿಸೋದು ಶ್ರಾವಣದಲ್ಲೇ" ಎಂದ.

"ಅಲ್ಲೀಗಂಟ ಲಾರಿ ಎಲ್ಲಿ ನಿಂತಿರ್ತದೆ?"

"ಅಮೆರಿಕದಲ್ಲಿ."

"ಅಲ್ಲಿ ಆಸಾಡ ಇಲ್ವಲ್ಲ. ಸರಿ, ನಿಂತ್ಕಳ್ಳಿ ಬುಡು."

ಲಾರಿ ಎಲ್ಲೂ ನಿಲ್ಲಲಿಲ್ಲ. ಕಶ್ಯಪ್ ಒಂದೇ ಮಧ್ಯಾಹ್ನದಲ್ಲಿ ಹತ್ತು ವರ್ಷವನ್ನು ಹೊಸ ಜಾಗಕ್ಕೆ ಎಳೆದುಹಾಕಿ, ಹಳೆಯ ವಿಳಾಸಕ್ಕೆ ಬಂದವರೂ ಮುಂದೆ ಇಲ್ಲಿಗೇ ಬರುವಂತೆ ದಾರಿ ತಿರುಗಿಸಿ, ಬಾಗಿಲಿಗೆ 'ಶ್ರಾವಣದ ಮೊದಲ ಸೋಮವಾರ ಭೇಟಿಯಾಗೋಣ' ಎಂಬ ಬೀಗ ಹಾಕಿದ. ಉಳಿದ ಆಷಾಢವಿಡೀ ಆ ಮುಚ್ಚಿದ ಮನೆಯೊಳಗೆ ಅವನೊಬ್ಬನೇ ಇದ್ದ. ಸಾಗಾಣಿಕೆಯಲ್ಲಿ ಪೆಟ್ಟುಬಿದ್ದದ್ದನ್ನು ರಿಪೇರಿ ಮಾಡಬೇಕಿತ್ತು. ಗ್ಯಾಸ್ಟ್ರಿಕ್ಕಿನ ಔಷಧಿಗೆ ಸ್ವಾಮಿಗಳ ಫೋಟೋ ಅಂಟಿಕೊಂಡಿತ್ತು. ಹಳೆಯ ಫಾಂಟಿನಲ್ಲಿ ಬರೆದ ಮೊದಲ ವರ್ಷದ ಲೇಖನಗಳು ಬರೀ ಚುಕ್ಕಿ, ಗೀಟು, ಕೊಕ್ಕೆಗಳಾಗಿ ಬಂದಿದ್ದವು. ಹಾಗೆಯೇ ಬಿಟ್ಟರೆ ಅರ್ಥ ಹೆಚ್ಚುತ್ತದೆ ಎಂದು ಕಶ್ಯಪನಿಗೆ ಅನ್ನಿಸಿತು. ರಿಪೇರಿ ಮಾಡಲು ಓದಲೇಬೇಕು. ಓದಿದ. ಒಬ್ಬ ಮನುಷ್ಯ ಹತ್ತು ವರ್ಷ ಒಂದೂ ಹೊಸ ವಾಕ್ಯ ಬರೆಯದೆ ದಿನವೂ ಬರೆಯಬಹುದು ಎಂಬುದನ್ನು ಕಲಿತ.

ಆಮೇಲೆ ಲೆಕ್ಕದ ಪುಟ ತೆರೆದ. ಯಾವ ಬರಹವನ್ನು ಎಷ್ಟು ಜನ ಓದಿದ್ದಾರೆ ಎಂದು ತೋರಿಸುವ ಪುಟ. ಸುಭಾಷಿತ ಯಾರೂ ಓದುತ್ತಿರಲಿಲ್ಲ. ಕೇದಾರವನ್ನೂ ಇಲ್ಲ. ಆದರೆ 'ನುಡಿನಮನ' ಎಂಬ ವಿಭಾಗವೊಂದಿತ್ತು. ಎರಡು ತಾಲ್ಲೂಕುಗಳಲ್ಲಿ ಯಾರು ಸತ್ತರೂ ಬೆಟ್ಟಸ್ವಾಮಿ ಅಲ್ಲಿ ನಾಲ್ಕು ಸಾಲು ಹಾಕುತ್ತಿದ್ದ. 'ಸರಳ ಸಜ್ಜನಿಕೆಯ, ಅಜಾತಶತ್ರು, ಕೊಡುಗೈ ದಾನಿ ಶ್ರೀಯುತರು ಇನ್ನಿಲ್ಲ.' ಸಾಲು ಅದೇ, ಹೆಸರು ಬೇರೆ. ಹೆಂಗಸು ಸತ್ತರೂ ಶ್ರೀಯುತರೇ. ಅದನ್ನು ಸಾವಿರಾರು ಜನ ಓದುತ್ತಿದ್ದರು. ಹೆಮ್ಮಿಗೆಯಿಂದ, ದೇವನೂರಿನಿಂದ, ಕವಲಂದೆಯಿಂದ, ಬೆಳಿಗ್ಗೆ ಕಾಫಿಯ ಜೊತೆಗೆ ಇವತ್ತು ಯಾರು ಹೋದರು ಎಂದು ನೋಡುವವರು. ಇಷ್ಟು ಓದುಗರು! ಕಶ್ಯಪನ ಹೊಟ್ಟೆಯೊಳಗೆ ಒಣಮೆಣಸಿನಕಾಯಿ ಸುಟ್ಟಂತಾಯಿತು.

ಅವನ ಬಳಿ ಒಂದು ಕಥೆಯಿತ್ತು, 'ಕವಲಂದೆಯ ನಂಜುಂಡ'. ತಾನು ಬರೆದದ್ದರಲ್ಲೆಲ್ಲ ಒಳ್ಳೆಯದೆಂದು ಅವನು ನಂಬಿದ್ದ ಕಥೆ. ಮನೆಯಿದ್ದೂ ದಿನವೂ ಹೋಟೆಲಿನಲ್ಲಿ ತಿಂಡಿ ತಿನ್ನುವ ಒಬ್ಬ ಒಂಟಿ ಮನುಷ್ಯ; ಅವನ ಜೊತೆ ಯಾರೂ ಜಗಳವಾಡುವುದಿಲ್ಲ, ಏಕೆಂದರೆ ಯಾರಿಗೂ ಅವನು ಅಷ್ಟು ಬೇಕಾಗಿಲ್ಲ. ಒಂದು ದಿನ ಬಸ್ಸಿನ ಕಿಟಕಿಯ ಸರಳು ಹಿಡಿದುಕೊಂಡೇ ಸಾಯುತ್ತಾನೆ. ನಿದ್ದೆ ಎಂದುಕೊಂಡ ಕಂಡಕ್ಟರು ಕೊನೆಯ ಸ್ಟಾಪಿನವರೆಗೂ ಅವನನ್ನು ಎಬ್ಬಿಸುವುದಿಲ್ಲ. ಅಷ್ಟೇ. ನಂಜುಂಡ ಎಂದೇಕೆ ಎಂದರೆ, ನಂಜನಗೂಡು ತಾಲ್ಲೂಕಿನಲ್ಲಿ ಕಲ್ಲೆಸೆದರೆ ಅದು ಬೀಳುವುದು ನಂಜುಂಡನ ಮೇಲೆಯೇ. ಕವಲಂದೆ ಏಕೆಂದರೆ, ಬಸ್ಸಿನ ಬೋರ್ಡಿನಲ್ಲಿ ಆ ಹೆಸರು ನೋಡಲು ಚೆನ್ನಾಗಿತ್ತು. ಕಶ್ಯಪ್ ಆ ಊರಿನಲ್ಲಿ ಒಮ್ಮೆಯೂ ಇಳಿದಿರಲಿಲ್ಲ.

ಆ ಕಥೆಯನ್ನು ಅವನು ನುಡಿನಮನದ ತಲೆಯ ಮೇಲೆ ಇಟ್ಟ. ಕೆಳಗೆ ಸಣ್ಣದಾಗಿ ತನ್ನ ಹೆಸರು ಹಾಕಿದ. ಅಳಲು ಬಂದವರು ಎರಡನೆಯ ಪ್ಯಾರಾದಲ್ಲಿ ನಿಂತುಬಿಡುತ್ತಾರೆ, ಇದು ಬೇರೆ ಎಂದು ಅವರಿಗೆ ಗೊತ್ತಾಗುತ್ತದೆ ಎಂಬುದು ಅವನ ಲೆಕ್ಕಾಚಾರ. ಸಾವಿರದಲ್ಲಿ ಒಬ್ಬ ಸಾಕು. ದೇವನೂರಿನ ಯಾವನೋ ಮೇಷ್ಟ್ರು, ಕಾಫಿ ಆರಿದ್ದು ಗೊತ್ತಾಗದೆ ಓದಿ, 'ಯಾರೀ ಕಶ್ಯಪ್?' ಎಂದು ಕೇಳಿದರೆ ಸಾಕು. ಆ ಒಬ್ಬ ಓದುಗನನ್ನು ಅವನು ಎಷ್ಟು ಸಲ ಕಲ್ಪಿಸಿಕೊಂಡನೆಂದರೆ, ಆ ಮೇಷ್ಟ್ರಿಗೆ ಕನ್ನಡಕ, ಕೆಮ್ಮು, ಹೆಂಚಿನ ಮನೆ ಎಲ್ಲವೂ ಬಂದುಬಿಟ್ಟಿದ್ದವು. ಈ ಎರಡು ತಾಲ್ಲೂಕುಗಳಲ್ಲಿ ಅವನು ಪ್ರೀತಿಸುತ್ತಿದ್ದ ಒಬ್ಬನೇ ಮನುಷ್ಯ ಅವನು. ಇನ್ನೂ ಹುಟ್ಟಿರಲಿಲ್ಲ, ಅಷ್ಟೇ.

ಹಾಲು ಉಕ್ಕಿದ ಮರುದಿನ ಬೆಳಿಗ್ಗೆ ನಂಜನಗೂಡಿನ ಮನೆಯಲ್ಲಿ ಕಶ್ಯಪ್ ಹಲ್ಲುಜ್ಜದೆ ಫೋನ್ ತೆರೆದ. ಓದಿದವರ ಸಂಖ್ಯೆ ಅವನು ಜೀವಮಾನದಲ್ಲಿ ಕಂಡಿರದಷ್ಟಿತ್ತು. ಕೆಳಗೆ ಪ್ರತಿಕ್ರಿಯೆಗಳ ಸಾಲು. ಓದತೊಡಗಿದ.

'ಓಂ ಶಾಂತಿ.'

'ಓಂ ಶಾಂತಿ.'

'ನಂಜುಂಡಣ್ಣ ಇಷ್ಟು ಬೇಗ ಹೋಗಬಾರದಿತ್ತು. ಮೊನ್ನೆ ಸಂತೇಲಿ ಸಿಕ್ಕಿದ್ದರು.'

'ಎತ್ತುವುದು ಎಷ್ಟೊತ್ತಿಗೆ? ದೇವನೂರಿನಿಂದ ಬರುವವರಿದ್ದೇವೆ.'

'ಕಂಡಕ್ಟರ್ ಮೇಲೆ ಕೇಸ್ ಹಾಕಬೇಕು. ಬಸ್ ನಂಬರ್ ತಿಳಿಸಿ.'

'ಕಶ್ಯಪ್ ಅವರಿಗೆ ತಂದೆಯವರನ್ನು ಕಳೆದುಕೊಂಡ ದುಃಖ ಭರಿಸುವ ಶಕ್ತಿಯನ್ನು ಶ್ರೀಕಂಠೇಶ್ವರನು ಕೊಡಲಿ.'

ಸಾವಿನ ಸುದ್ದಿಯ ಕೆಳಗಿರುವ ಹೆಸರು ಅಳುವವನದೇ ಹೊರತು ಬರೆದವನದಲ್ಲ ಎಂಬ ಸಾಮಾನ್ಯ ಜ್ಞಾನ, ಅಷ್ಟು ಕಾದಂಬರಿ ಓದಿದ ಕಶ್ಯಪನಿಗಿರಲಿಲ್ಲ. ಅವನು ಕೊನೆಯವರೆಗೂ ಎಳೆದುಕೊಂಡುಹೋದ. ಮುನ್ನೂರಕ್ಕೂ ಹೆಚ್ಚು ಜನ ಕೈಮುಗಿದಿದ್ದರು. ಒಬ್ಬನಾದರೂ ವಾಕ್ಯದ ಬಗ್ಗೆ ಮಾತಾಡಿರಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ!

ಅಂಬುಜಮ್ಮ ಕಾಫಿ ತಂದಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಪಾಪ ಕಣೋ. ಯಾರೋ ಬಸ್ಸಲ್ಲೇ ಹೋದ್ರಂತೆ. ಪಕ್ಕದ್ಮನೆಯವರ ಫೋನಿಗೆ ಬಂದಿತ್ತು, ಓದ್ದೆ. ಕಂಬಿ ಹಿಡ್ಕೊಂಡ ಕೈ ಹಂಗೇ ಇತ್ತಂತೆ."

ಮಗ ಏನು ಬರೆಯುತ್ತಾನೆಂದು ಅವಳು ಈವರೆಗೆ ಕೇಳಿದವಳಲ್ಲ. ಕಶ್ಯಪ್ ಫೋನ್ ಕೆಳಗಿಟ್ಟ.

"ಅದು ಕಥೆ ಅಮ್ಮ. ನಾನೇ ಬರೆದದ್ದು."

"ನೀನಾ?" ಅವಳ ಕಣ್ಣೀರು ಅಲ್ಲೇ ಇಂಗಿತು. "ಸತ್ತವರ ಮೇಲೆ ಕಥೆ ಕಟ್ತಾರೇನೋ? ಥೂ. ಹಲ್ಲುಜ್ಜು ಹೋಗು."

ಅಷ್ಟರಲ್ಲಿ ಬೆಟ್ಟಸ್ವಾಮಿಯ ಫೋನ್ ಬಂತು. ಬೈಗುಳವಿರಲಿಲ್ಲ, ಅದೇ ಭಯ ಹುಟ್ಟಿಸಿತು. "ಅಂಗ್ಡಿ ತಾವ್ಕೆ ಬಾ. ಈಗ್ಲೇ ಬಾ" ಎಂದಷ್ಟೇ ಹೇಳಿ ಇಟ್ಟ.

ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಕವಲಂದೆಯ ಬಸ್ಸಿನ ಮುಂದೆ ಗುಂಪು ನೆರೆದಿತ್ತು. ಇಬ್ಬರ ಕೈಯಲ್ಲಿ ಹಾರ, ಒಬ್ಬ ಹೆಂಗಸಿನ ಕಂಕುಳಲ್ಲಿ ಊದುಬತ್ತಿಯ ಕಟ್ಟು. ಹಾರದವನೊಬ್ಬ ಕಂಡಕ್ಟರನ್ನು ತಡೆದು ನಿಲ್ಲಿಸಿದ್ದ.

"ಏನ್ಲಾ, ನಿನ್ನ ಬಸ್ಸೇ ಅಂತಲ್ಲ? ಎಣ ಕೂರಿಸ್ಕಂಡು ಟಿಕೆಟ್ ಅರಿತಿಯೇನ್ಲಾ?"

"ನನ್ನ ಬಸ್ಸಲ್ಲಿ ಯಾರೂ ಸತ್ತಿಲ್ಲ ಕಣ್ರೀ! ನೆನ್ನೆ ನಂದು ರಜಾ!"

"ರಜಾ ಆಕಿದ್ಯಾಕೆ? ಅದೇಳು ಮೊದ್ಲು."

ಕಶ್ಯಪ್ ಮುಖ ತಿರುಗಿಸಿಕೊಂಡು ನರಸೀಪುರದ ಬಸ್ಸು ಹತ್ತಿದ. ಕಿಟಕಿಯ ಸರಳು ಹಿಡಿಯಲು ಹೋದ ಕೈಯನ್ನು ಹಿಂದಕ್ಕೆಳೆದುಕೊಂಡ. ಹೆದರಿಕೆಯಿರಲಿಲ್ಲ ಎಂದಲ್ಲ. ಆದರೆ ಹೆದರಿಕೆಗಿಂತ ಹೆಚ್ಚಾಗಿ ಅವಮಾನವಿತ್ತು. ಬೆಟ್ಟಸ್ವಾಮಿ ಬಯ್ಯಲಿ, ಊರೇ ಸೇರಿ ಬಯ್ಯಲಿ, ಆದರೆ ಕಥೆಗಾಗಿ ಬಯ್ಯಲಿ. 'ಇದೆಂಥ ಕಥೆ ಬರೆದಿದ್ದೀಯ' ಎಂದು ಒಬ್ಬ ಕಾಲರ್ ಹಿಡಿದರೂ ಅವನನ್ನು ಓದುಗನೆಂದು ಒಪ್ಪಿಕೊಳ್ಳಲು ಕಶ್ಯಪ್ ತಯಾರಿದ್ದ.

ಅಂಗಡಿಯಲ್ಲಿ ಮೂವರಿದ್ದರು. ಗಲ್ಲಾದ ಹಿಂದೆ ಬೆಟ್ಟಸ್ವಾಮಿ, ಬಾಗಿಲ ಬಳಿ ಸ್ಟೂಲಿನ ಮೇಲೆ ಜವರಮ್ಮ, ನಡುವೆ ಎರಡು ಗೊಬ್ಬರದ ಮೂಟೆಗಳನ್ನು ಆಸನ ಮಾಡಿಕೊಂಡು ಒಬ್ಬ ಭಾರೀ ಆಸಾಮಿ. ಹಣೆಗೆ ವಿಭೂತಿ, ಕೈಯಲ್ಲಿ ಟೀ ಲೋಟ, ಪಕ್ಕದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಮುದುಡಿದ ಸೇವಂತಿಗೆ ಹಾರಗಳು.

"ಬಂದ್ರಾ, ಬನ್ನಿ" ಎಂದಳು ಜವರಮ್ಮ. "ಆಲುಕ್ಸಿ ಇನ್ನೂ ಒಂದಿನ ಆಗಿಲ್ಲ, ಮನೆ ತುಂಬ ಸೂತ್ಕ ತುಂಬುದ್ರಿ. ನಾನು ಬಡ್ಕಂಡೆ, ಮೂಡ್ಲ ಕಡೀಕೆ ವಾಲ್ಸಿ ಅಂತ. ಕೇಳುದ್ರಾ ಯಾರಾರ?"

"ಸುಮ್ನಿರಮ್ಮಿ" ಎಂದ ಬೆಟ್ಟಸ್ವಾಮಿ. ಆಮೇಲೆ ಕಶ್ಯಪನಿಗೆ ಆ ಭಾರೀ ಆಸಾಮಿಯನ್ನು ತೋರಿಸಿದ. "ಇವ್ರು ಯಾರು ಗೊತ್ತಾ?"

"ಇಲ್ಲ ಸಾರ್."

"ಕವಲಂದೆ ನಂಜುಂಡ. ನಮ್ಮ ಮಗ್ಳು ಸಿವಾನೀನ ಇವ್ರ ಮಗ ಮಲ್ಲಿಕಾರ್ಜುನಂಗೆ ಕೊಡಾದು ಅಂತ ಮಾತಾಗದೆ. ಇದೇ ತಿಂಗ್ಳು ನಿಶ್ಚಿತಾರ್ಥ. ನೀನು ನಮ್ ಬೀಗರ್ನ ಕೊಂದಾಕಿದ್ದಿ."

ಕಶ್ಯಪ್ ತನ್ನ ನಾಯಕನನ್ನು ನೋಡಿದ. ಕಥೆಯಲ್ಲಿ ಕಡ್ಡಿಯಂತಿದ್ದವನು ಇಲ್ಲಿ ಎರಡು ಮೂಟೆ ತುಂಬಿ ಹೊರಚೆಲ್ಲಿದ್ದ. ಕಥೆಯಲ್ಲಿ ಮೌನಿ, ಇಲ್ಲಿ ಟೀ ಹೀರಿದ ಸದ್ದೇ ಬೀದಿಗೆ ಕೇಳುತ್ತಿತ್ತು.

"ಅದು ನೀವಲ್ಲ ಸಾರ್" ಎಂದ. "ಅದು ಕಥೆ.. ಕಲ್ಪನೆ. ಆ ಹೆಸರಿನವರು ಒಬ್ಬರಿದ್ದಾರೆ ಅಂತ ನನಗೆ ಗೊತ್ತಿರಲಿಲ್ಲ."

"ಒಬ್ರಾ?" ನಂಜುಂಡ ಲೋಟ ಕೆಳಗಿಟ್ಟ. "ನಮ್ ಬೀದೀಲೇ ಮೂರು ಜನ ಅವ್ರೆ. ಬೆಳಗಾನ ಒಬ್ರ ಮನೆಯಿಂದ ಒಬ್ರ ಮನೆಗೆ ಅಳ್ತಾ ಓಡಾಡಿದ್ರು ಜನ. ಕಡೀಕೆ ನಾನೇ ಅಂತ ತೀರ್ಮಾನ ಆಯ್ತು, ಯಾಕೇಳಿ? ದಿನಾ ಓಟ್ಲಲ್ಲಿ ತಿಂಡಿ ತಿನ್ನೋನು ನಾನೊಬ್ನೇ." ಅವನು ದೇಹವಿಡೀ ಅಲುಗುವಂತೆ ನಕ್ಕ. "ನಮ್ಮನೇಳು ಅದ ಓದಿ ಒಂದು ಗಂಟೆ ಅತ್ಲು. 'ಗಂಡ ಓಟ್ಲಲ್ಲಿ ತಿಂದು ಬಸ್ಸಲ್ಲಿ ಸಾಯಂಗಾಯ್ತಲ್ಲ' ಅಂತ. ನಾನು ಎದ್ರುಗೇ ಕುಂತಿವ್ನಿ! ಈಗ ನೋಡಿ, ಇವತ್ತಿಂದ ಮನೇಲೇ ಉಪ್ಪಿಟ್ಟು. ಅದೊಂದೇ ನೀವು ನಂಗೆ ಮಾಡಿದ ಅನ್ಯಾಯ."

ಬಯ್ಗುಳಕ್ಕಾಗಿ ಹಲ್ಲುಕಚ್ಚಿ ನಿಂತಿದ್ದ ಕಶ್ಯಪ್ ಹಲ್ಲು ಸಡಿಲಿಸಿದ.

"ಸತ್ರೆ ಯಾರ್ಯಾರು ಬತ್ತಾರೆ ಅಂತ ಬದುಕಿದ್ದಂಗೇ ನೋಡ್ದೆ" ಎಂದು ನಂಜುಂಡ ಮುಂದುವರಿಸಿದ. "ನನ್ನ ತಮ್ಮ ಬರ್ನಿಲ್ಲ. ಬರ್ಕಂಡಿವ್ನಿ ಮನಸ್ನಲ್ಲಿ. ಅದಿರ್ಲಿ, ನಿಜವಾದ ಸಂಗ್ತಿ ಕೇಳಿ. ಓದ ವಾರ ಗದ್ದೆ ತಾವು ನಿಂತಿವ್ನಿ, ಕಾಗೆ ಬಂದು ತಲೆ ಮ್ಯಾಲೆ ಒಡ್ದು ಓಯ್ತು. ಕೊಕ್ಕಲ್ಲಲ್ಲ, ಕಾಲಲ್ಲಿ."

"ಸಿವಸಿವಾ" ಎಂದಳು ಜವರಮ್ಮ.

"ಮನೇಲಿ ಏಳ್ನಿಲ್ಲ. ನಿಶ್ಚಿತಾರ್ಥ ಇಟ್ಕಂಡು ಕಾಗೆ ಮುಟ್ತು ಅಂದ್ರೆ ಎಂಗಿರ್ತದೆ? ಒಳಗೊಳಗೇ ಸಾಯ್ತಿದ್ದೆ. ಅಷ್ಟ್ರಲ್ಲಿ ನೀವು ಸಾಯಿಸುದ್ರಿ."

ಕಶ್ಯಪ್ ಅರ್ಥವಾಗದೆ ಜವರಮ್ಮನ ಕಡೆ ನೋಡಿದ.

"ಪಂಚಾಂಗದೋರ ಮನೇಲಿ ಉಟ್ಟಿ ಇಷ್ಟೂ ತಿಳೀದಾ?" ಎಂದಳು ಅವಳು. "ಕಾಗೆ ತಲೆ ಮುಟ್ಟುದ್ರೆ ಗಂಡಾಂತ್ರ. ಅದ್ಕೆ, ಸತ್ತೋದ್ರು ಅಂತ ನೆಂಟ್ರಿಗೆ ಸುಳ್ಳು ಸುದ್ದಿ ಕಳಸ್ಬೇಕು. ಅವ್ರು ಅತ್ತರೆ ಬಂದಿದ್ದು ಅಲ್ಲಿಗೇ ಕಳೀತದೆ. ಆಯಸ್ಸು ಗಟ್ಟಿ ಆಯ್ತದೆ."

"ನನ್ಗೆ ಎರಡು ತಾಲೂಕೇ ಅತ್ತದೆ" ಎಂದ ನಂಜುಂಡ, ಕವರಿನ ಮೇಲೆ ಹೆಮ್ಮೆಯಿಂದ ಕೈಯಾಡಿಸುತ್ತ. "ಇನ್ನು ಯಮ ಬಂದ್ರೂ ವಿಳಾಸ ಸಿಕ್ಕಾಕಿಲ್ಲ."

ಬೆಟ್ಟಸ್ವಾಮಿ ಗಲ್ಲಾದಿಂದ ಎದ್ದುಬಂದ. ಅವನ ಮುಖದಲ್ಲಿ, ಕಳೆನಾಶಕದ ಹೊಸ ಸ್ಕೀಮು ಬಂದಾಗ ಬರುವಂಥ ಬೆಳಕಿತ್ತು.

"ನೋಡು ಕಶ್ಯಪ್ಪ. ಬೆಳಗಿಂದ ಫೋನು ನಿಂತಿಲ್ಲ. ಬೀಗ್ರು ಗದ್ದೆ ಕಾಗೆ ಇಚಾರ ಅವ್ರಿಗಿವ್ರಿಗೆ ಏಳುದ್ರು, ಸುರುವಾಯ್ತು. ನಮ್ಮಪ್ಪಂಗೂ ಮುಟ್ಬುಟ್ಟದೆ, ನಮ್ಮ ಅತ್ತೆಗೂ ಮುಟ್ಬುಟ್ಟದೆ, ಅಂಗೇ ಒಂದು ಬರ್ಸಿ ಅಂತಾರೆ. ಕಾಗೆ ಮುಟ್ಟದೆ ಇದ್ದೋರೂ ಕೇಳ್ತಾವ್ರೆ, ಶನಿ ಕಾಟಕ್ಕೂ ಆಯ್ತದಾ ಅಂತ. ನಾನು ಬರದ್ರೆ ಆಗಾಕಿಲ್ಲ. ನಂದು ಬರೀ ಅಜಾತಶತ್ರು. ಅದಕ್ಕೆ ಯಾರೂ ಅಳಾಕಿಲ್ಲ. ನೀನು ಬರದ್ರೆ ಅಳ್ತಾರೆ ಕಣಪ್ಪ! ಆ ಕಂಬಿ ಇಡ್ಕಂಡ ಕೈ.. ನಾನೇ ಅತ್ತೆ, ಬೀಗ್ರಿಗೆ ಫೋನ್ ಮಾಡಿ ಅವ್ರೇ ಎತ್ಕಂಡ ಮ್ಯಾಲೂ ಅಳ್ತಿದ್ದೆ."

ಕೈಯ ವಿಷಯ ಎತ್ತಿದ ಮೊದಲ ಓದುಗ ತಾಯಿ. ಎರಡನೆಯವನು ಈ ಗೊಬ್ಬರದ ಅಂಗಡಿಯವನು. ದೇವನೂರಿನ ಮೇಷ್ಟ್ರು ಎಲ್ಲಿ ಸತ್ತ?

"ವಾರಕ್ಕೊಂದು ಸಾವು. ನಿನ್ನ ಎಸ್ರು ದೊಡ್ದಾಗಿ ಮ್ಯಾಲೇ ಆಕ್ತೀನಿ. ಫೋಟೋನೂ ಆಕ್ತೀನಿ, ನನ್ನ ಪಕ್ಕದಲ್ಲೇ, ಇಮಾಲಯದ ಮುಂದೆ. ಓದೋರು ಎಷ್ಟು ಜನ ಅಂತ ನೀನೇ ಕಂಡಿದ್ದಿ. ಯಾರ್ಗೆ ಸಿಗ್ತದಪ್ಪಾ ಇದು?"

ಯಾರಿಗೂ ಸಿಗುವುದಿಲ್ಲ, ಅದು ಕಶ್ಯಪನಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಸಾವಿರಾರು ಓದುಗರು, ತನ್ನ ಹೆಸರು, ತನ್ನ ವಾಕ್ಯ, ಅವರ ಕಣ್ಣೀರು. ಬೇಕೆಂದದ್ದೆಲ್ಲ ಊಟದೆಲೆಯ ಮೇಲೆ ಬಡಿಸಿಟ್ಟಿತ್ತು. ಅವನ ತಿರಸ್ಕಾರವೂ ಒಂದು ಗಳಿಗೆ ಬಾಯಿಮುಚ್ಚಿಕೊಂಡು ಎಲೆಯನ್ನೇ ನೋಡಿತು.

"ಬರೀತೀನಿ ಸಾರ್. ಮೇಲೆ 'ಕಥೆ' ಅಂತ ಒಂದು ಪದ ಹಾಕ್ತೀನಿ. ಅಷ್ಟೇ. ನಿನ್ನೆಯದಕ್ಕೂ ಹಾಕ್ತೀನಿ. ಉಳಿದದ್ದೆಲ್ಲ ನಿಮ್ಮಿಷ್ಟ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಂಜುಂಡ ಗಾಬರಿಯಿಂದ ಮೂಟೆಯ ಮೇಲಿಂದ ಅರ್ಧ ಎದ್ದ.

"ನೆನ್ನೇದಕ್ಕೆ ಆಕ್ಬ್ಯಾಡಿ! ಕತೆ ಅಂತ ಗೊತ್ತಾದ್ರೆ ಅತ್ತಿದ್ದೆಲ್ಲ ವಾಪಸ್ ಓಯ್ತದೆ. ಕಾಗೆ ಮತ್ತೆ ನನ್ನ ಲೆಕ್ಕಕ್ಕೇ ಬತ್ತದೆ!"

"ಕತೆ ಅಂದ್ರೆ ಪರಿಹಾರ ಆಗಾಕಿಲ್ಲ ಕಣಪ್ಪ" ಎಂದ ಬೆಟ್ಟಸ್ವಾಮಿ, ಮಗುವಿಗೆ ಹೇಳುವಂತೆ. "ನಂಬಿ ಅಳ್ಬೇಕು. ಸುಳ್ಳು ಅಂತ ಮೊದ್ಲೇ ಬರ್ದು ಸುಳ್ಳು ಏಳುದ್ರೆ ಯಾವ ಸುಖಕ್ಕೆ? ಅಲ್ಲದೆ, ಕತೆ ಅಂತ ಆಕುದ್ರೆ ಓದೋರು ಯಾರು? ನೀನೇ ಏಳು, ನಿನ್ನ ಕತೇನ ಕತೆ ಅಂತ ಆಕ್ದಾಗ ಎಷ್ಟು ಜನ ಓದಿದ್ರು?"

ಒಂದು ಹೆಬ್ಬೆರಳು ಎಂದು ಕಶ್ಯಪ್ ಹೇಳಲಿಲ್ಲ.

"ಅದೊಂದು ಮಾತು ಬುಟ್ಬುಡು. ಮಿಕ್ಕಿದ್ದೆಲ್ಲ ನಿಂದೇ" ಎಂದು ಬೆಟ್ಟಸ್ವಾಮಿ ಕುರ್ಚಿ ಎಳೆದುಕೊಟ್ಟ. ಒರೆಸಿದ್ದರೂ ಕೀಬೋರ್ಡಿನಿಂದ ನಿನ್ನೆಯ ಹಾಲು ಹುಳಿ ವಾಸನೆ ಹೊಡೆಯುತ್ತಿತ್ತು. ಅದನ್ನು ಅವನು ಕಶ್ಯಪನ ಮುಂದೆ ಸರಿಸಿದ. "ಕುಂತ್ಕ. ಮೊದ್ಲು ಹೆಮ್ಮಿಗೆ ಮಲ್ಲಾಜಮ್ಮಂದು. ಮುದುಕಿ ಅಂಗಳ್ದಲ್ಲಿ ರಾಗಿ ಒಣಗಾಕ್ತಿದ್ಲಂತೆ, ಕಾಗೆ ಬಂದು ತಲೆ ಮ್ಯಾಲೇ ಕುಂತಿತ್ತಂತೆ. ಮಗ ಒರ್ಗಡೆ ಕಾಯ್ತಾವ್ನೆ. ಬರಿ."

ಕಶ್ಯಪ್ ಕುರ್ಚಿಯನ್ನು ನೋಡಿದ. ಕೂರಲಿಲ್ಲ.

"ಆ ಒಂದು ಪದ ಇಲ್ಲದೆ ಬರೆಯಲ್ಲ" ಎಂದ.